ಟೊಮೆಟೊ ಬೆಲೆ ಓದಲು ಕಲಿಸುವ ಪದವಿ

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿತು. ಕಳ್ಳರ ಭಯಕ್ಕೆ ತೋಟದಲ್ಲೇ ರಾತ್ರಿ ಕಾವಲು ಮಲಗಿದವರಿದ್ದರು. ಸೆಪ್ಟೆಂಬರ್ ಹೊತ್ತಿಗೆ ಅದೇ ಟೊಮೆಟೊ ಕೀಳುವ ಕೂಲಿಯೂ ಹುಟ್ಟದ ಮಟ್ಟಕ್ಕೆ ಬಿತ್ತು. ಜುಲೈನಲ್ಲಿ ಬೈದವರು ಅಡುಗೆ ಮಾಡುವವರು, ಸೆಪ್ಟೆಂಬರಿನಲ್ಲಿ ಬೈದವರು ಬೆಳೆದವರು. ಇಬ್ಬರ ಬೈಗುಳವೂ ಹೋಗಿ ತಗುಲಿದ್ದು ದಲ್ಲಾಳಿಗೆ.

ಆ ಸಿಟ್ಟಿನಲ್ಲಿ ಸತ್ಯವಿದೆ. ಆದರೆ ಎಷ್ಟಿದೆ ಎಂದು ಅಳೆದು ಹೇಳುವ ವಿದ್ಯೆಯೂ ಒಂದಿದೆ. ಬೆಳೆದದ್ದು ತಟ್ಟೆಗೆ ಬರುವ ತನಕ ಎಷ್ಟು ಕೈ ದಾಟುತ್ತದೆ, ಪ್ರತಿ ಕೈಯಲ್ಲೂ ಎಷ್ಟು ಖರ್ಚು, ಎಷ್ಟು ಲಾಭ, ಮುಖ್ಯವಾಗಿ ನಷ್ಟದ ಹೊರೆ ಯಾರ ಹೆಗಲಿಗೆ ಎಂಬುದನ್ನು ಕೃಷಿ ಅರ್ಥಶಾಸ್ತ್ರದವರು ಓದುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಇದಕ್ಕೆಂದೇ ನಾಲ್ಕು ವರ್ಷದ ಕೃಷಿ ವ್ಯವಹಾರ ನಿರ್ವಹಣೆ ಪದವಿಯಿದೆ. ಸಿಇಟಿ ಮೂಲಕ ಪ್ರವೇಶ, ರೈತರ ಮಕ್ಕಳಿಗೆ ಮೀಸಲು ಸೀಟು. ಮುಂದೆ ಓದುವವರಿಗೆ ವರ್ಗೀಸ್ ಕುರಿಯನ್ 1979ರಲ್ಲಿ ಕಟ್ಟಿದ ಗುಜರಾತಿನ ಆನಂದ್‌ನ ಗ್ರಾಮೀಣ ನಿರ್ವಹಣಾ ಸಂಸ್ಥೆ ಇರ್ಮಾ, ಹೈದರಾಬಾದಿನ ಕೃಷಿ ವಿಸ್ತರಣಾ ನಿರ್ವಹಣೆಯ ಮ್ಯಾನೇಜ್ ಸಂಸ್ಥೆಗಳಿವೆ. ಪಿಯುಸಿ ಮುಗಿಸಿದ ಮಗುವಿನ ಮನೆಯಲ್ಲಿ ಈ ಹೆಸರುಗಳು ಮಾತಿಗೇ ಬರುವುದಿಲ್ಲ ಎಂಬುದು ನನ್ನ ದೊಡ್ಡ ಬೇಸರ.

ಕೋಲಾರಕ್ಕೇ ಮರಳೋಣ. ಬೆಲೆ ಏರಿದಾಗ ಎಲ್ಲರೂ ಸಸಿ ನೆಡುತ್ತಾರೆ. ಎರಡು ಮೂರು ತಿಂಗಳಲ್ಲಿ ಎಲ್ಲರ ಮಾಲೂ ಒಟ್ಟಿಗೆ ಮಂಡಿಗೆ ಬಂದು ಬೆಲೆ ಬೀಳುತ್ತದೆ. ಕೈ ಸುಟ್ಟುಕೊಂಡವರು ನಾಟಿ ಬಿಡುತ್ತಾರೆ, ಆವಕ ಕಡಿಮೆಯಾಗಿ ಬೆಲೆ ಮತ್ತೆ ಏರುತ್ತದೆ. 1938ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮೊರ್ಡೆಕೈ ಎಜೆಕಿಯಲ್ ವಿವರವಾಗಿ ಬರೆದ ಜೇಡರಬಲೆ ಪ್ರಮೇಯ ಇದೇ. ಬೆಲೆ ಮತ್ತು ಪೂರೈಕೆಯ ಗೆರೆ ಎಳೆಯುತ್ತ ಹೋದರೆ ಕಾಗದದ ಮೇಲೆ ಬಲೆಯೇ ಮೂಡುತ್ತದೆ. 2023ರಲ್ಲಿ ಅದಕ್ಕೆ ಎಲೆ ಮುರುಟು ರೋಗ, ಹವಾಮಾನದ ಏರುಪೇರು ಸೇರಿಕೊಂಡವು. ಆ ಬಲೆಯನ್ನು ದಲ್ಲಾಳಿ ಹೆಣೆದದ್ದಲ್ಲ. ಇಂದಿನ ಬೆಲೆ ನೋಡಿ ನಾಳಿನ ಬೆಳೆ ನಿರ್ಧರಿಸುವ ಸಾವಿರಾರು ಜನ, ಒಬ್ಬರ ನಾಟಿ ಇನ್ನೊಬ್ಬರಿಗೆ ಗೊತ್ತಿಲ್ಲದೆ, ಹೆಣೆದದ್ದು.

ಇನ್ನು ಪಾಲಿನ ಪ್ರಶ್ನೆ. ಗಿರಾಕಿ ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಸಿಗುವುದು ಸುಮಾರು 33 ಪೈಸೆ ಎಂದು ರಿಸರ್ವ್ ಬ್ಯಾಂಕಿನ ಅಧ್ಯಯನವೊಂದು 2024ರಲ್ಲಿ ಅಂದಾಜು ಮಾಡಿತು. ಈರುಳ್ಳಿಗೆ 36, ಆಲೂಗಡ್ಡೆಗೆ 37. ಓದಿದ ಕೂಡಲೇ ರಕ್ತ ಕುದಿಯುತ್ತದೆ. ಉಳಿದ 67 ಪೈಸೆಯಲ್ಲಿ ಹಮಾಲಿ, ಲಾರಿ ಬಾಡಿಗೆ, ಮಂಡಿ ಕಮಿಷನ್, ಕೊಳೆತು ಹೋದದ್ದು ಎಲ್ಲವೂ ಇವೆ. ಲೂಧಿಯಾನದ ಕೇಂದ್ರೀಯ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆಯ 2015ರ ವರದಿ ಪ್ರಕಾರ ನೂರು ಕಿಲೋ ಟೊಮೆಟೊದಲ್ಲಿ ಹನ್ನೆರಡು ಕಿಲೋಗೂ ಹೆಚ್ಚು ಕೊಯ್ಲಿನಿಂದ ಮಾರಾಟದ ತನಕದ ಹಂತಗಳಲ್ಲಿ ಹಾಳು. ಸಂಜೆ ಮೆತ್ತಗಾದ ಹಣ್ಣನ್ನು ಚೆಲ್ಲಿ ಹೋಗುವ ತಳ್ಳುಗಾಡಿಯ ಹೆಂಗಸಿನ ಲಾಭ ದೂರದಿಂದ ದೊಡ್ಡದಾಗಿ ಕಾಣುತ್ತದೆ, ಲೆಕ್ಕ ಹಾಕಿದರೆ ಅವಳ ದಿನಗೂಲಿಯಷ್ಟೂ ಇರಲಾರದು. ಹೀಗೆ ಬಿಡಿಸಿ ನೋಡಿದಾಗಲೇ ನಿಜವಾದ ಸುಲಿಗೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಬರುವುದು.

ಮಾಹಿತಿಯೊಂದರಿಂದಲೇ ಎಷ್ಟು ಬದಲಾಗಬಹುದು ಎಂಬುದಕ್ಕೆ ಕೇರಳದ ಬೂತಾಯಿ ಮೀನಿನ ಕಥೆ ಹೇಳಲೇಬೇಕು. 1997ರ ಜನವರಿ 14ರಂದು ಬಡಗರದ ದಡದಲ್ಲಿ 11 ಮೀನುಗಾರರು ಕೊಳ್ಳುವವರಿಲ್ಲದೆ ಹಿಡಿದ ಮೀನನ್ನು ಚೆಲ್ಲುವ ಯೋಚನೆಯಲ್ಲಿದ್ದರು. ಅಲ್ಲಿಂದ ಹದಿನೈದು ಕಿಲೋಮೀಟರ್ ಒಳಗಿನ ದಡಗಳಲ್ಲಿ ಕೊಳ್ಳಲು ಬಂದ 27 ಮಂದಿ ಮೀನು ಸಿಗದೆ ಬರಿಗೈಯಲ್ಲಿ ಹೊರಟಿದ್ದರು. ಇದನ್ನು ದಾಖಲಿಸಿದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್, ಕರಾವಳಿಗೆ ಮೊಬೈಲ್ ಬಂದ ಮೇಲಿನ ಬೆಲೆಗಳನ್ನೂ ಹಿಡಿದಿಟ್ಟರು. ಮೀನುಗಾರರ ಲಾಭ ಸರಾಸರಿ ಶೇ 8 ಏರಿತ್ತು, ಕೊಳ್ಳುವವರ ಬೆಲೆ ಶೇ 4 ಇಳಿದಿತ್ತು. ಚೆಲ್ಲುವ ಮೀನು ಇಲ್ಲವೇ ಇಲ್ಲ ಎನ್ನುವಂತಾಗಿತ್ತು.

ಹಾಗಾದರೆ ಕೋಲಾರದ ರೈತನ ಕೈಯಲ್ಲೂ ಫೋನಿದೆಯಲ್ಲ? ವ್ಯತ್ಯಾಸ ಇಲ್ಲಿದೆ. ಬೀಜ, ಔಷಧಿಗೆಂದು ಮಂಡಿ ಮಾಲೀಕನಿಂದ ಮುಂಗಡ ತಂದವನು ಪಕ್ಕದ ಮಾರುಕಟ್ಟೆಯ ಬೆಲೆ ಗೊತ್ತಿದ್ದರೂ ಅದೇ ಮಂಡಿಗೆ ಮಾಲು ಹಾಕಬೇಕು. ಅವನಿಗೆ ಬೇಕಿರುವುದು ಸಾಲಕ್ಕೆ ಇನ್ನೊಂದು ಬಾಗಿಲು. ಮಾರುಕಟ್ಟೆಯ ಕಡೆಯಿಂದಲೂ ಪ್ರಯತ್ನ ನಡೆದಿದೆ: ಕರ್ನಾಟಕ 2014ರಿಂದ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ಟೆಂಡರ್ ವ್ಯವಸ್ಥೆಗೆ ಜೋಡಿಸುತ್ತ ಬಂದಿತು. 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅದರ ಫಲ ಅಳೆಯಿತು. ಭತ್ತಕ್ಕೆ ಸರಾಸರಿ ಶೇ 5.1ರಷ್ಟು ಹೆಚ್ಚು ಬೆಲೆ ಸಿಕ್ಕಿತ್ತು, ಶೇಂಗಾ, ಮೆಕ್ಕೆಜೋಳಕ್ಕೂ ಏರಿತ್ತು. ಹತ್ತಿ, ಹೆಸರು, ತೊಗರಿಯಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಒಂದೇ ಮದ್ದು ಎಲ್ಲ ಬೆಳೆಗೂ ನಾಟುವುದಿಲ್ಲ.

ಅದೇ ಕೋಲಾರದ ರೈತ ಹಾಲಿನಲ್ಲಿ ಇಷ್ಟು ಏಟು ತಿನ್ನುವುದಿಲ್ಲ. ಹಾಲು ಟೊಮೆಟೊಗಿಂತ ಬೇಗ ಕೆಡುತ್ತದೆ. ಆದರೆ ಊರಿನ ಡೇರಿಯಲ್ಲಿ ಜಿಡ್ಡಿನಂಶ ಅಳೆದು ದರ ಕಟ್ಟುತ್ತಾರೆ, ಹೆಚ್ಚಾದ ಹಾಲನ್ನು ಒಕ್ಕೂಟ ಪುಡಿ ಮಾಡಿ ಇಡುತ್ತದೆ. ಟೊಮೆಟೊಗೂ ಸಾಸ್ ಕಾರ್ಖಾನೆ ಹಾಕಿ ಎನ್ನುವುದು ವೇದಿಕೆಯ ಮಾತಾಗಿಬಿಟ್ಟಿದೆ. ಅಡುಗೆಗೆ ಬೆಳೆಯುವ ತಳಿಯಲ್ಲಿ ನೀರೇ ಜಾಸ್ತಿ, ಕಾರ್ಖಾನೆಗೆ ಬೇಕಾದದ್ದು ತಿರುಳು ಗಟ್ಟಿಯಿರುವ ತಳಿ. ಬೆಲೆ ಬಿದ್ದ ವಾರ ಮಾತ್ರ ಓಡುವ ಯಂತ್ರಕ್ಕೆ ಬ್ಯಾಂಕಿನ ಕಂತು ಕಟ್ಟುವವರು ಯಾರು? ಈ ಪ್ರಶ್ನೆಗೆ ಉತ್ತರ ಬರೆಯಲು ಬರುವ ಹುಡುಗ ಹುಡುಗಿಯರು ನಮಗೆ ಬೇಕು.

ಅವರ ಪಠ್ಯ ಇಂಗ್ಲಿಷಿನಲ್ಲಿದೆ, ಕೋಲಾರದ ಮಂಡಿಯ ಮಾತು ಕನ್ನಡ ಮತ್ತು ತೆಲುಗು. ತರಗತಿಯ ಹೊತ್ತಿನಲ್ಲಿ ಅರ್ಧವಾದರೂ ಮಂಡಿಯಲ್ಲೇ ಕಳೆಯಬೇಕು ಎನ್ನುವವನು ನಾನು. ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಿನದಿನದ ಆವಕ, ದರ ಯಾರಿಗಾದರೂ ಸಿಗುತ್ತವೆ. ಅದರ ಪಕ್ಕದಲ್ಲಿಡಲು ಇನ್ನೊಂದು ಲೆಕ್ಕ ಬೇಕು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ನರ್ಸರಿಗಳು ವಾರವಾರ ಮಾರಿದ ಸಸಿಗಳ ಲೆಕ್ಕ. ಅದು ಸಿಕ್ಕರೆ ಎರಡು ತಿಂಗಳಾಚೆಯ ಆವಕದ ಅಂದಾಜು ನಾಟಿಗೆ ಮುಂಚೆಯೇ ರೈತರಿಗೆ ಗೊತ್ತಾಗುತ್ತದೆ. ನರ್ಸರಿಗಳಿಗೆ ಫೋನ್ ಮಾಡಿ ಅದನ್ನು ಕೂಡಿಸಿ, ಕನ್ನಡದಲ್ಲೂ ತೆಲುಗಿನಲ್ಲೂ ವಾಟ್ಸ್‌ಆ್ಯಪ್‌ಗೆ ಹಾಕುವ ಕೆಲಸವನ್ನು ಯಾವುದಾದರೂ ಕಾಲೇಜಿನ ಒಂದು ತರಗತಿ ಈ ಬೇಸಿಗೆಯಲ್ಲೇ ಶುರು ಮಾಡಬಹುದು.