ನಾಮನಿರ್ದೇಶಿತರೇ ವಾರಸುದಾರರೇ?

ಬ್ಯಾಂಕಿನಲ್ಲಿ ಠೇವಣಿಯಿಡುವಾಗ ಅರ್ಜಿಯಲ್ಲಿ ಒಂದು ಹೆಸರನ್ನು ಬರೆದು ಸಹಿ ಹಾಕಿದೊಡನೆ, ತಮ್ಮ ತರುವಾಯ ಆ ಹಣವು ಅವರಿಗೇ ಸಲ್ಲುವುದೆಂದು ಬಹುಮಂದಿ ನಿಶ್ಚಿಂತರಾಗುತ್ತಾರೆ. ಈ ತಪ್ಪು ತಿಳಿವಳಿಕೆಯಿಂದ ಎಷ್ಟೋ ಮನೆಗಳಲ್ಲಿ ಮನಸ್ತಾಪ ಬೆಳೆಯುತ್ತದೆ.

ಉದ್ಯೋಗಕ್ಕಾಗಿ ಬಂದು ಕ್ರೋಂಪೇಟೆಯಲ್ಲಿ ನೆಲೆಸಿದ ಹಿಂದೂ ಗೃಹಸ್ಥನೊಬ್ಬನನ್ನು ಉದಾಹರಣೆಗಾಗಿ ಭಾವಿಸಬಹುದು. ಅವಿವಾಹಿತನಾಗಿದ್ದಾಗ ತೆರೆದ ಖಾತೆಗೆ ಅವನು ತಾಯಿಯನ್ನು ನಾಮನಿರ್ದೇಶನ ಮಾಡಿದ್ದನು. ಮುಂದೆ ವಿವಾಹವಾಯಿತು, ಇಬ್ಬರು ಮಕ್ಕಳಾದರು. ಹೆಸರನ್ನು ಪರಿಶೀಲಿಸುವುದು ಮರೆತುಹೋಯಿತು. ಅವನು ಅಕಸ್ಮಾತ್ ಮೃತನಾದಾಗ ಖಾತೆಯಲ್ಲಿ ಸ್ವಂತ ಗಳಿಕೆಯ 8 ಲಕ್ಷ ರೂಪಾಯಿಗಳಿದ್ದವು. ಉಯಿಲು ಇರಲಿಲ್ಲ. ಬ್ಯಾಂಕು ಹಣವನ್ನು ತಾಯಿಗೆ ಕೊಡುತ್ತದೆ. ಹಾಗಾದರೆ ಪತ್ನಿ ಮತ್ತು ಮಕ್ಕಳ ಗತಿಯೇನು?

1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ತಾಯಿ, ಪತ್ನಿ, ಗಂಡು ಮಕ್ಕಳು ಮತ್ತು ಹೆಣ್ಣು ಮಕ್ಕಳು ಮೊದಲನೆಯ ವರ್ಗದ ವಾರಸುದಾರರು. ಇಲ್ಲಿ ನಾಲ್ವರಿಗೂ ತಲಾ 2 ಲಕ್ಷ ರೂಪಾಯಿ ಸಲ್ಲಬೇಕು. ತಾಯಿಯು ಹಣವನ್ನು ಪಡೆಯುವುದು ಎಲ್ಲರ ಪರವಾಗಿ. ಉಳಿದವರ ಪಾಲು ಅವರ ಕೈಯಲ್ಲಿರುವ ನಂಬಿಕೆಯ ನಿಧಿ.

ಬ್ಯಾಂಕು ಠೇವಣಿಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ರಾಮ್ ಚಂದರ್ ತಲ್ವಾರ್ ಪ್ರಕರಣದಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಷೇರುಗಳ ಬಗೆಗೂ 2023ರಲ್ಲಿ ಇಂಥದೇ ತೀರ್ಪು ಬಂದಿತು. ಜೀವವಿಮೆಯ ಮಾತು ತುಸು ಬೇರೆ. 2015ರ ತಿದ್ದುಪಡಿಯು ತಂದೆತಾಯಿ, ಪತಿ, ಪತ್ನಿ ಅಥವಾ ಮಕ್ಕಳು ನಾಮನಿರ್ದೇಶಿತರಾಗಿದ್ದರೆ ಅವರಿಗೆ ಹೆಚ್ಚಿನ ಹಕ್ಕನ್ನು ನೀಡಿದೆ. ಆದರೂ ಅದರ ಅರ್ಥವಿವರಣೆಯಲ್ಲಿ ನ್ಯಾಯಾಲಯಗಳು ಏಕಾಭಿಪ್ರಾಯ ಹೊಂದಿಲ್ಲವಾದುದರಿಂದ ವಕೀಲರ ಸಲಹೆ ಪಡೆಯುವುದು ಲೇಸು.

ಹಾಗೆಂದು ನಾಮನಿರ್ದೇಶನವು ನಿರರ್ಥಕವಲ್ಲ. ಅದಿದ್ದರೆ ಬ್ಯಾಂಕು ಹೆಚ್ಚಿನ ದಾಖಲೆಗಳಿಗಾಗಿ ಅಲೆಸದೆ ಹಣ ಕೊಡುತ್ತದೆ; ದುಃಖದಲ್ಲಿರುವ ಕುಟುಂಬಕ್ಕೆ ಇದು ದೊಡ್ಡ ಆಸರೆ. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ವರವರೆಗೆ ನಾಮನಿರ್ದೇಶನ ಮಾಡಿ, ಪ್ರತಿಯೊಬ್ಬರಿಗೂ ಶೇಕಡಾವಾರು ಭಾಗವನ್ನು ಸೂಚಿಸುವ ಅವಕಾಶವಿದೆ.

ಆದರೆ ಹಣವು ಕೊನೆಗೆ ಯಾರದಾಗಬೇಕೆಂಬುದನ್ನು ನಿರ್ಧರಿಸಲು ಉಯಿಲೇ ತಕ್ಕ ಸಾಧನ. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಸ್ವಸ್ಥಚಿತ್ತದಿಂದ ಬರೆದು ಸಹಿ ಮಾಡಿ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿಯನ್ನೂ ಪಡೆದಿರಬೇಕು. ಆಸ್ತಿ ಪಡೆಯುವವರು ಸಾಕ್ಷಿಗಳಾಗದಿರುವುದು ಉತ್ತಮ. ನೋಂದಾಯಿಸಿದರೆ ಮುಂದಿನ ತಕರಾರುಗಳು ಕಡಿಮೆಯಾದಾವು.

ಆದ್ದರಿಂದ ವಿವಾಹ, ಮಕ್ಕಳ ಜನನ, ನಾಮನಿರ್ದೇಶಿತರ ಮರಣ ಇವು ಸಂಭವಿಸಿದಾಗಲೆಲ್ಲ ಖಾತೆ, ವಿಮೆ ಹಾಗೂ ಭವಿಷ್ಯನಿಧಿಯ ನಾಮನಿರ್ದೇಶನಗಳನ್ನು ಪರಿಶೀಲಿಸಬೇಕು. ಯಾವ ಹಣ ಎಲ್ಲಿದೆಯೆಂಬ ಪಟ್ಟಿಯೊಂದನ್ನು ಬರೆದು ಮನೆಯವರಿಗೆ ತಿಳಿಸಿಡಬೇಕು. ಸಾವಿನ ಮಾತು ಅಮಂಗಳವೆಂದು ಮೌನವಾಗಿದ್ದರೆ, ಅದರ ಭಾರವನ್ನು ಹೊರಬೇಕಾದವರು ಹಿಂದುಳಿದವರೇ. ಜೀವನವೆಲ್ಲ ದುಡಿದು ಕೂಡಿಸಿದ ಹಣವು ಮನೆಯವರನ್ನು ಒಡೆಯದಿರಲು ಒಂದು ಸಂಜೆಯ ಪರಿಶ್ರಮ ಸಾಕು.