ಮುಟ್ಟು ನಿಲ್ಲುವ ಕಾಲದ ಹಾರ್ಮೋನ್ ಚಿಕಿತ್ಸೆ: ಯಾವ ರಕ್ತಸ್ರಾವಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು



ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ನಮ್ಮ ಮನೆಗಳಲ್ಲಿ ನಲವತ್ತು ದಾಟಿದ ಹೆಣ್ಣುಮಕ್ಕಳು ಮುಟ್ಟಿನ ತೊಂದರೆಯನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಹೇಳಿದರೂ ಸಿಗುವ ಉತ್ತರಗಳು ಎರಡೇ. "ವಯಸ್ಸಾಯಿತು, ಇರುವುದೇ ಹೀಗೆ, ತಡೆದುಕೋ" ಎಂಬುದು ಒಂದು. "ಚೀಲ ತೆಗೆಸಿಬಿಡು, ಪೀಡೆ ಹೋಗುತ್ತದೆ" ಎಂಬುದು ಇನ್ನೊಂದು. ಮೊದಲನೆಯದರಿಂದ ಕ್ಯಾನ್ಸರಿನಂತಹ ರೋಗ ಕೈಮೀರಿ ಬೆಳೆಯಬಹುದು. ಎರಡನೆಯದರಿಂದ ಆರೋಗ್ಯವಾಗಿದ್ದ ಅಂಗವೇ ಹೋಗಬಹುದು. ಸ್ರಾವದ ಲೆಕ್ಕವಿಟ್ಟು, ಕಾರಣ ತಿಳಿದು, ತಕ್ಕ ಚಿಕಿತ್ಸೆ ಪಡೆಯುವುದೇ ಸರಿಯಾದ ದಾರಿ. ಈ ಲೇಖನವನ್ನು ಗಂಡಸರೂ ಓದಬೇಕು. ದವಾಖಾನೆಗೆ ಯಾವಾಗ ಹೋಗಬೇಕು, ಎಷ್ಟು ಖರ್ಚು ಮಾಡಬೇಕು ಎಂಬ ತೀರ್ಮಾನ ಬಹಳ ಮನೆಗಳಲ್ಲಿ ಅವರ ಕೈಯಲ್ಲೇ ಇದೆ.

ಮುಟ್ಟು ನಿಲ್ಲುವುದೆಂದರೇನು?

ಅಂಡಾಶಯಗಳು ಹಾರ್ಮೋನ್ ಎಂಬ ಗ್ರಂಥಿರಸವನ್ನು ತಯಾರಿಸುವುದು ಕ್ರಮೇಣ ಕಡಿಮೆಯಾಗಿ ಮುಟ್ಟು ನಿಲ್ಲುತ್ತದೆ. ನಮ್ಮ ದೇಶದಲ್ಲಿ ಇದು ಸಾಮಾನ್ಯವಾಗಿ 46-47ನೆಯ ವಯಸ್ಸಿನ ಸುಮಾರಿಗೆ ಆಗುತ್ತದೆ. ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಅದು ಪೂರ್ತಿ ನಿಂತಿತು ಎಂದು ತಿಳಿಯಬೇಕು. ಅದಕ್ಕೆ ಮುಂಚಿನ ಕೆಲವು ವರ್ಷ ಮುಟ್ಟು ಹಿಂದೆ ಮುಂದೆ ಆಗುತ್ತದೆ. ಮೈಗೆ ಜಳ ಬಡಿದಂತಾಗಿ ಬೆವರುವುದು, ನಿದ್ದೆ ಕೆಡುವುದು, ಸಿಡುಕು, ಯೋನಿಯ ಒಣಗುವಿಕೆ ಇವೂ ಆಗಬಹುದು. ಹೆಚ್ಚಿನವರಿಗೆ ಔಷಧ ಬೇಕಾಗುವುದಿಲ್ಲ. ರಾತ್ರಿ ನಿದ್ದೆ ಇಲ್ಲದೆ, ಹಗಲು ಕೆಲಸ ಸಾಗದೆ ಬಳಲುವವರಿಗೆ ವೈದ್ಯರು ಹಾರ್ಮೋನ್ ಚಿಕಿತ್ಸೆ ಕೊಡುತ್ತಾರೆ.

ಎರಡು ಔಷಧಗಳು ಏಕೆ?

ಈ ಚಿಕಿತ್ಸೆಯ ಮುಖ್ಯ ಔಷಧ ಈಸ್ಟ್ರೋಜನ್. ಜಳ, ಬೆವರು ತಗ್ಗುವುದು ಇದರಿಂದಲೇ. ಆದರೆ ಇದು ಗರ್ಭಕೋಶದ ಒಳಪದರವನ್ನೂ ಬೆಳೆಸುತ್ತದೆ. ಅಮೆರಿಕದಲ್ಲಿ ಈಸ್ಟ್ರೋಜನ್ ಒಂದನ್ನೇ ವರ್ಷಗಟ್ಟಲೆ ತೆಗೆದುಕೊಂಡ ಮಹಿಳೆಯರಲ್ಲಿ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆಂದು 1975ರಲ್ಲಿ ತಿಳಿದುಬಂತು. ಅಂದಿನಿಂದ ಗರ್ಭಕೋಶ ಇರುವವರಿಗೆ ಪ್ರೊಜೆಸ್ಟೋಜನ್ ಎಂಬ ಎರಡನೆಯ ಔಷಧವನ್ನು ಜೊತೆಗೆ ಕೊಡುವುದು ಕಡ್ಡಾಯವಾಯಿತು. ಅದು ಒಳಪದರ ಮಿತಿಮೀರಿ ಬೆಳೆಯದಂತೆ ತಡೆಯುತ್ತದೆ. ಆದ್ದರಿಂದ "ಎರಡು ಮಾತ್ರೆಯಲ್ಲಿ ಒಂದು ಸಾಕು" ಎಂದು ನೀವೇ ಒಂದನ್ನು ಬಿಡಬೇಡಿರಿ. ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು.

ನಿರೀಕ್ಷಿತ ರಕ್ತಸ್ರಾವ ಯಾವುದು?

ಇದು ಔಷಧ ತೆಗೆದುಕೊಳ್ಳುವ ಕ್ರಮವನ್ನು ಅವಲಂಬಿಸಿದೆ.

1. ಈಸ್ಟ್ರೋಜನ್ ದಿನವೂ, ಪ್ರೊಜೆಸ್ಟೋಜನ್ ತಿಂಗಳಿಗೆ 12ರಿಂದ 14 ದಿನ ಮಾತ್ರ. ಮುಟ್ಟು ಇನ್ನೂ ಪೂರ್ತಿ ನಿಲ್ಲದವರಿಗೆ ಈ ಕ್ರಮ. ಎರಡನೆಯ ಮಾತ್ರೆ ಮುಗಿಯುವ ಹೊತ್ತಿಗೆ ಪ್ರತಿ ತಿಂಗಳೂ ಮುಟ್ಟಿನಂತೆ ಸ್ರಾವವಾಗುತ್ತದೆ. ಇದು ಔಷಧದ ಸಹಜ ಪರಿಣಾಮ, ರೋಗವಲ್ಲ.

2. ಎರಡೂ ಔಷಧಗಳು ದಿನವೂ. ಮುಟ್ಟು ನಿಂತು ವರ್ಷ ಕಳೆದವರಿಗೆ ಈ ಕ್ರಮ. ಇದರಲ್ಲಿ ಕೊನೆಗೆ ಸ್ರಾವವೇ ಇರಬಾರದು. ಆದರೆ ಮೊದಲ 3ರಿಂದ 6 ತಿಂಗಳು ಹೊತ್ತುಗೊತ್ತಿಲ್ಲದೆ ಸ್ವಲ್ಪ ಸ್ವಲ್ಪ ಕಲೆ ಕಾಣಿಸುವುದು ಸಾಮಾನ್ಯ. ಒಳಪದರ ಹೊಸ ಔಷಧಕ್ಕೆ ಹೊಂದಿಕೊಳ್ಳಲು ಅಷ್ಟು ಕಾಲ ಬೇಕು. ಕಾರ್ಖಾನೆಯ ಹಂಗಾಮು ಆರಂಭವಾಗಿ ಮುಗಿಯುವಷ್ಟು ಅವಧಿ ಎಂದು ನೆನಪಿಟ್ಟುಕೊಳ್ಳಿರಿ.

ಮಾತ್ರೆ ಒಂದೆರಡು ದಿನ ತಪ್ಪಿದರೂ ಸ್ರಾವ ಕಾಣಿಸಬಹುದು. ಕ್ಷಯರೋಗದ ರಿಫಾಂಪಿಸಿನ್, ಮೂರ್ಛೆರೋಗದ ಕೆಲವು ಮಾತ್ರೆಗಳು ಹಾರ್ಮೋನಿನ ಬಲವನ್ನು ತಗ್ಗಿಸುತ್ತವೆ. ಅಂತಹ ಔಷಧ ನಡೆದಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು.

ಕಾಯಬಾರದ ರಕ್ತಸ್ರಾವ ಯಾವುದು?

ಕೆಳಗಿನ ಯಾವುದೇ ಲಕ್ಷಣ ಕಂಡರೆ ವೈದ್ಯರಿಗೆ ತೋರಿಸಬೇಕು:

- ಔಷಧ ಆರಂಭಿಸಿ 6 ತಿಂಗಳು ಕಳೆದರೂ ಕಲೆ ಕಾಣುವುದು ನಿಲ್ಲದಿದ್ದರೆ.
- ಸ್ರಾವ ಪೂರ್ತಿ ನಿಂತು ಕೆಲವು ತಿಂಗಳಾದ ಮೇಲೆ ಮತ್ತೆ ಆರಂಭವಾದರೆ.
- ತಿಂಗಳ ಸ್ರಾವ ಹಿಂದಿಗಿಂತ ಹೆಚ್ಚು ದಿನ ಅಥವಾ ಹೆಚ್ಚು ಪ್ರಮಾಣದಲ್ಲಿ ಹೋದರೆ, ಇಲ್ಲವೆ ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ.
- ಪತಿಸಂಗದ ನಂತರ ರಕ್ತ ಕಂಡರೆ, ದುರ್ವಾಸನೆಯ ಸ್ರಾವವಿದ್ದರೆ.
- ಯಾವ ಹಾರ್ಮೋನನ್ನೂ ತೆಗೆದುಕೊಳ್ಳದೆ, ಮುಟ್ಟು ನಿಂತು ವರ್ಷವಾದ ಮೇಲೆ ಒಂದೇ ಒಂದು ಹನಿ ಕಂಡರೂ.
- ಗರ್ಭಕೋಶ ತೆಗೆಸಿಕೊಂಡವರಿಗೆ ರಕ್ತ ಕಂಡರೆ.

ಗಂಟೆಗೊಂದು ಬಟ್ಟೆ ತೊಯ್ಯುವಷ್ಟು ಸ್ರಾವವಿದ್ದರೆ, ದೊಡ್ಡ ಗಡ್ಡೆಗಳು ಹೋದರೆ, ತಲೆಸುತ್ತು ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಹೆದರಿ ಕೂಡುವ ಕಾರಣವಿಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಂಡ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಉಳಿದ ಒಬ್ಬಳು ಯಾರೆಂಬುದು ತಪಾಸಣೆಯಿಂದಲೇ ಗೊತ್ತಾಗಬೇಕು. ವೈದ್ಯರು ಕನ್ನಡಿ ಉಪಕರಣದಿಂದ ಗರ್ಭಕೋಶದ ಕೊರಳನ್ನು ನೋಡುತ್ತಾರೆ, ಸೋನೋಗ್ರಫಿಯಲ್ಲಿ ಒಳಪದರದ ದಪ್ಪ ಅಳೆಯುತ್ತಾರೆ, ಅಗತ್ಯವಿದ್ದರೆ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಒಳಪದರದ ಕ್ಯಾನ್ಸರನ್ನು ಬೇಗ ಹಿಡಿದರೆ ಬಹುಪಾಲು ಗುಣವಾಗುತ್ತದೆ.

ಇತರ ತೊಂದರೆಗಳು

ಎದೆ ಬಿಗಿದು ನೋಯುವುದು, ವಾಕರಿಕೆ, ತಲೆನೋವು, ಹೊಟ್ಟೆಯುಬ್ಬರ ಇವು ಮೊದಲ ಕೆಲವು ವಾರ ಇರಬಹುದು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ತಗ್ಗುತ್ತವೆ. ವಾಕರಿಕೆಯಿದ್ದರೆ ಮಾತ್ರೆಯನ್ನು ಊಟದೊಂದಿಗೆ ತೆಗೆದುಕೊಳ್ಳಿರಿ. ತಗ್ಗದಿದ್ದರೆ ವೈದ್ಯರು ಪ್ರಮಾಣವನ್ನೋ ಔಷಧದ ಜಾತಿಯನ್ನೋ ಬದಲಿಸುತ್ತಾರೆ.

ಆದರೆ ಒಂದೇ ಕಾಲು ಬಾತು ನೋಯುವುದು, ಎದೆನೋವು, ಏಕಾಏಕಿ ಉಸಿರುಕಟ್ಟುವುದು, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಮಾತು ತೊದಲುವುದು ಇವುಗಳಲ್ಲಿ ಯಾವುದಾದರೂ ಕಂಡರೆ ತಡಮಾಡದೆ ಆಸ್ಪತ್ರೆ ಸೇರಬೇಕು. ರಕ್ತ ಹೆಪ್ಪುಗಟ್ಟಿರುವ ಸೂಚನೆ ಅದು.

2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಎರಡೂ ಔಷಧ ಕೊಡುತ್ತಿದ್ದ ಭಾಗವನ್ನು ನಡುವೆಯೇ ನಿಲ್ಲಿಸಲಾಯಿತು. ಹತ್ತು ಸಾವಿರ ಮಹಿಳೆಯರು ಒಂದು ವರ್ಷ ಔಷಧ ತೆಗೆದುಕೊಂಡರೆ ಸ್ತನದ ಕ್ಯಾನ್ಸರ್ 8 ಮಂದಿಗೆ ಹೆಚ್ಚಾಗಿ ಬರುತ್ತದೆ, ಪಾರ್ಶ್ವವಾಯುವೂ ಅಷ್ಟೇ ಹೆಚ್ಚುತ್ತದೆ ಎಂದು ಕಂಡಿತ್ತು. ಅಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷವಾಗದವರಿಗೆ, ನಿಜವಾದ ತೊಂದರೆಯಿದ್ದಲ್ಲಿ ಲಾಭವೇ ಸಾಮಾನ್ಯವಾಗಿ ಹೆಚ್ಚೆಂದು ಇಂದು ವೈದ್ಯರು ಒಪ್ಪುತ್ತಾರೆ. ಸ್ತನದ ಕ್ಯಾನ್ಸರ್ ಆದವರು, ಹಿಂದೆ ರಕ್ತ ಹೆಪ್ಪುಗಟ್ಟಿದವರು, ಯಕೃತ್ತಿನ ರೋಗ ಇರುವವರು, ಕಾರಣ ತಿಳಿಯದ ಸ್ರಾವ ಇರುವವರು ಮಾತ್ರ ಇದನ್ನು ಆರಂಭಿಸಬಾರದು.

ಹಂಗಾಮಿನ ಮಾತ್ರೆ ಬೇರೆ

ಹಬ್ಬ, ಜಾತ್ರೆ, ಮದುವೆ, ಕಬ್ಬು ಕಡಿಯುವ ಕೆಲಸ ಎಂದು ಮುಟ್ಟನ್ನು ಮುಂದೂಡಲು ಔಷಧದಂಗಡಿಯಲ್ಲಿ ಕೇಳಿ ತರುವ ಮಾತ್ರೆಯೂ ಹಾರ್ಮೋನೇ. ಅದರ ಹೆಸರು ನೊರೆಥಿಸ್ಟೆರಾನ್. ಬಿಟ್ಟ ಎರಡು ಮೂರು ದಿನಕ್ಕೆ ಸ್ರಾವ ಆರಂಭವಾಗುತ್ತದೆ. ಇದು ಮೇಲೆ ಹೇಳಿದ ಚಿಕಿತ್ಸೆಯಲ್ಲ. ವೈದ್ಯರನ್ನು ಕೇಳದೆ ಪದೇ ಪದೇ ನುಂಗಿದರೆ ಮುಟ್ಟಿನ ಲೆಕ್ಕ ತಪ್ಪುತ್ತದೆ, ಸ್ರಾವಕ್ಕೆ ಇರುವ ನಿಜವಾದ ಕಾರಣ ಮುಚ್ಚಿಹೋಗುತ್ತದೆ.

ಚೀಲ ತೆಗೆಸುವ ಮೊದಲು

2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೀಲಮ್ ಗೋರ್ಹೆಯವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿ, ನಮ್ಮ ನೆರೆಯ ಬೀಡ ಜಿಲ್ಲೆಯ ಕಬ್ಬು ಕಡಿಯುವ ಮಹಿಳೆಯರ ಸ್ಥಿತಿ ವಿಚಾರಿಸಿತು. ವಿಚಾರಿಸಿದ 82 ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ಕಳೆದುಕೊಂಡಿದ್ದರು. ಅಂದರೆ ಆರು ಮಂದಿಗೆ ಒಬ್ಬಳು. 2015-16ರ ರಾಷ್ಟ್ರೀಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನವರಲ್ಲಿ ಇದು ನೂರಕ್ಕೆ ಸುಮಾರು 3. ಹೊಟ್ಟೆನೋವು, ಬಿಳಿ ಹೋಗುವುದು, ಹೆಚ್ಚು ಮುಟ್ಟು ಇಂತಹ ಔಷಧದಿಂದ ವಾಸಿಯಾಗಬಹುದಾದ ತೊಂದರೆಗಳಿಗೂ ಶಸ್ತ್ರಕ್ರಿಯೆ ನಡೆದಿತ್ತು. ರಜೆ ಹಾಕಿದರೆ ಕೂಲಿ ಕಡಿತ, ಮುಕಾದಮನ ಮುಂಗಡದ ಭಾರ, ಗದ್ದೆಯ ಹತ್ತಿರ ನೀರಿಲ್ಲ, ಶೌಚಾಲಯವಿಲ್ಲ. ಇವೂ ಆ ತೀರ್ಮಾನದ ಹಿಂದಿದ್ದವು. ನಮ್ಮ ಹೊಲಕ್ಕೆ ಬರುವ ಟೋಳಿಯ ಹೆಣ್ಣುಮಕ್ಕಳಿಗೆ ನೀರು, ಮರೆ, ಒಂದು ದಿನದ ಬಿಡುವು ಕೊಡುವುದು ಬೆಳೆಗಾರರ ಕೈಯಲ್ಲೂ ಇದೆ.

ಅಂಡಾಶಯವನ್ನೂ ತೆಗೆದರೆ ಮೂವತ್ತೈದರ ಹೆಣ್ಣಿಗೆ ರಾತ್ರೋರಾತ್ರಿ ಮುಟ್ಟು ನಿಂತ ಸ್ಥಿತಿ ಬರುತ್ತದೆ. ಜಳ, ಬೆವರಲ್ಲದೆ ಎಲುಬು ಬೇಗ ಸವೆಯುತ್ತದೆ, ಹೃದಯರೋಗದ ಸಂಭವ ಹೆಚ್ಚುತ್ತದೆ. ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ಕಾಲ ಬೇಗ ಬರಬಹುದು. 45ರೊಳಗೆ ಹೀಗಾದವರಿಗೆ, ಅಡ್ಡಿಯಿಲ್ಲದಿದ್ದರೆ, ಸಹಜ ವಯಸ್ಸಿನವರೆಗೆ ಹಾರ್ಮೋನ್ ಕೊಡಬೇಕೆಂಬುದು ವೈದ್ಯಶಾಸ್ತ್ರದ ಸಲಹೆ. ಆದ್ದರಿಂದ ಈಗಾಗಲೇ ಶಸ್ತ್ರಕ್ರಿಯೆಯಾದವರೂ ತಮ್ಮ ಕಾಗದಪತ್ರ ತೆಗೆದುಕೊಂಡು ಸ್ತ್ರೀರೋಗ ತಜ್ಞರನ್ನು ಕಾಣಬೇಕು.

ಶಸ್ತ್ರಕ್ರಿಯೆ ಎಂದ ಕೂಡಲೇ ತಪ್ಪಲ್ಲ. ಕ್ಯಾನ್ಸರಿಗೆ, ಔಷಧಕ್ಕೆ ಬಗ್ಗದ ದೊಡ್ಡ ಗಡ್ಡೆಗೆ ಅದು ಬೇಕಾಗಬಹುದು. ಆದರೆ ಮೊದಲು ನಾಲ್ಕು ಮಾತು ಕೇಳಿರಿ. ರೋಗದ ಹೆಸರೇನು, ಕಾಗದದ ಮೇಲೆ ಬರೆದುಕೊಡುವಿರಾ? ಒಳಪದರದ ಪರೀಕ್ಷೆ ಆಗಿದೆಯೇ? ಸ್ರಾವ ತಗ್ಗಿಸುವ ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ ಇವುಗಳಿಂದ ನಡೆಯದೇ? ಅಂಡಾಶಯ ಉಳಿಸುವಿರಾ? ಉತ್ತರ ಪಡೆದು ಇನ್ನೊಬ್ಬ ವೈದ್ಯರನ್ನೂ ಕೇಳಿರಿ. ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆ ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಎಲ್ಲ ರಾಜ್ಯಗಳಿಗೆ ಆಜ್ಞೆ ಮಾಡಿದೆ.

ನಮ್ಮ ನೆಲದಲ್ಲೇ ಸಿಕ್ಕ ಪಾಠ

1982ರಲ್ಲಿ ಲಾತೂರ ಜಿಲ್ಲೆ ಆಗುವವರೆಗೆ ಈ ಮೂರೂ ತಾಲೂಕುಗಳು ಉಸ್ಮಾನಾಬಾದ, ಅಂದರೆ ಇಂದಿನ ಧಾರಾಶಿವ ಜಿಲ್ಲೆಯಲ್ಲಿದ್ದವು. ಆ ಜಿಲ್ಲೆಯ ಹಳ್ಳಿಗಳಲ್ಲಿ 1999ರಿಂದ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಮತ್ತು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು ಸೇರಿ 30ರಿಂದ 59 ವಯಸ್ಸಿನ 1,31,746 ಮಹಿಳೆಯರ ಮೇಲೆ ಒಂದು ಅಧ್ಯಯನ ನಡೆಸಿದರು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಕಾರಣವಾದ ಎಚ್‌ಪಿವಿ ವೈರಾಣುವಿನ ಪರೀಕ್ಷೆಯನ್ನು ಒಂದೇ ಸಲ ಮಾಡಿದ ಗುಂಪಿನಲ್ಲಿ ಎಂಟು ವರ್ಷದಲ್ಲಿ ಈ ರೋಗದಿಂದ 34 ಮಂದಿ ಸತ್ತರು. ಪರೀಕ್ಷೆ ಮಾಡದ, ಸುಮಾರು ಅಷ್ಟೇ ದೊಡ್ಡ ಗುಂಪಿನಲ್ಲಿ ಸತ್ತವರು 64. ಈ ಫಲ 2009ರಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು. ಕೊರಳಿನ ರೋಗದಿಂದಲೂ ರಕ್ತ ಹೋಗುತ್ತದೆ. "ಮಾತ್ರೆಯಿಂದಲೇ ಇರಬೇಕು" ಎಂದು ಸುಮ್ಮನಿದ್ದರೆ ಅದು ಒಳಗೊಳಗೇ ಬೆಳೆಯುತ್ತದೆ. ಆದ್ದರಿಂದ ಹಾರ್ಮೋನ್ ತೆಗೆದುಕೊಳ್ಳಲಿ ಬಿಡಲಿ, ಮೂವತ್ತು ದಾಟಿದವರೆಲ್ಲ ಕೊರಳಿನ ತಪಾಸಣೆ ಮಾಡಿಸಿಕೊಳ್ಳಬೇಕು. ಎಲ್ಲಿ, ಯಾವ ದಿನ ಎಂಬುದನ್ನು ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿರಿ.

ಇಂದೇ ಮಾಡಬೇಕಾದ ಕೆಲಸ

ಕಬ್ಬಿನ ತೂಕದ ಚೀಟಿಯನ್ನು ನಾವು ಜೋಪಾನವಾಗಿಡುತ್ತೇವೆ. ಹಾಗೆಯೇ ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ಆರಂಭಿಸಿದ ದಿನ, ಸ್ರಾವವಾದ ದಿನಗಳು, ಬದಲಿಸಿದ ಬಟ್ಟೆಗಳ ಸಂಖ್ಯೆ, ಮಾತ್ರೆ ತಪ್ಪಿದ ದಿನ ಇಷ್ಟನ್ನು ಗುರುತು ಮಾಡಿರಿ. ಬರೆಯಲು ಬಾರದವರು ಒಂದು ಗೀಟು ಎಳೆದರೂ ಸಾಕು. ಆ ಹಾಳೆಯನ್ನೂ ಮಾತ್ರೆಯ ಪಟ್ಟಿಯನ್ನೂ ವೈದ್ಯರ ಮುಂದಿಡಿರಿ. ಕಾಯಬಹುದಾದ ಸ್ರಾವ ಯಾವುದು, ಕಾಯಬಾರದ್ದು ಯಾವುದು ಎಂದು ಅವರು ಅದರಿಂದ ಬೇಗ ತಿಳಿಯುತ್ತಾರೆ.