ಹುತ್ತ ಕಟ್ಟಿದ್ದು ಗೆದ್ದಲು, ಹೆಸರು ಬಂದದ್ದು ಹಾವಿಗೆ

ನಾಗರಪಂಚಮಿಗೆ ಹಾಲೆರೆಯಲು ಹೊರಟವರು ಹುಡುಕುವುದು ಬಾಯಿ ತೆರೆದ ಹುತ್ತವನ್ನು. ಆದರೆ ನಮ್ಮ ಬಯಲುಸೀಮೆಯಲ್ಲಿ ಗೋಪುರದಂತೆ ಏಣು ಏಣಾಗಿ ಏಳುವ ಹುತ್ತಕ್ಕೆ, ಒಳಗೆ ಗೆದ್ದಲು ಬದುಕಿರುವ ತನಕ, ಸಾಮಾನ್ಯವಾಗಿ ಬಾಯಿಯೇ ಇರುವುದಿಲ್ಲ. ಎಲ್ಲಾದರೂ ತೂತು ಬಿದ್ದರೆ ಒದ್ದೆ ಮಣ್ಣು ತಂದು ಬೇಗ ಮುಚ್ಚಿಬಿಡುತ್ತವೆ. ಬಾಯಿ ಹಾಗೇ ತೆರೆದುಕೊಂಡಿದ್ದರೆ ಒಳಗಿನ ಸಂಸಾರ ಅಳಿದಿರಬೇಕು, ಇಲ್ಲವೇ ಇಲಿ, ಹೆಗ್ಗಣ, ಕರಡಿ ಯಾವುದೋ ಒಂದು ಅದನ್ನು ಕೆದಕಿರಬೇಕು. ಹಾವು ಬಂದು ಸೇರುವುದು ಆಮೇಲೆ. ಗೋಡೆ ಎಬ್ಬಿಸುವುದಕ್ಕೆ ಅದಕ್ಕೆ ಕೈಯೂ ಇಲ್ಲ, ಕಾಲೂ ಇಲ್ಲ. ಹಾಲಂತೂ ಅದರ ಆಹಾರವೇ ಅಲ್ಲ.

ಗೆದ್ದಲಿನ ಹಣೆಬರಹವೇ ಇಷ್ಟು. ಕೆಲಸ ಅದರದು, ಜಮೆಯಾಗುವುದು ಬೇರೆಯವರ ಖಾತೆಗೆ. ಹುತ್ತ ಹಾವಿನದಾಯಿತು, ಅಣಬೆ ಗುಡುಗಿನದಾಯಿತು, ರೆಕ್ಕೆಹುಳು ಮಳೆಯದಾಯಿತು, ಆಡಳಿತ ರಾಣಿಯದಾಯಿತು. ಕೊನೆಗೆ ಕುಲವನ್ನೂ ಇರುವೆಗೆ ಬರೆದುಕೊಟ್ಟೆವು.

ಗೆದ್ದಲು ಇರುವೆಯಲ್ಲ. ಇರುವೆ ಜೇನು, ಕಣಜಗಳ ಬಳಗದ್ದು. ಗೆದ್ದಲು ಜಿರಲೆಯ ಬಳಗದ್ದು. ದೂರದ ನೆಂಟಸ್ತಿಕೆ ಎಂದುಕೊಳ್ಳಬೇಡಿ, ಗೆದ್ದಲು ಎಂದರೆ ಗುಂಪುಕಟ್ಟಿ ಬಾಳುವುದನ್ನು ಕಲಿತ ಜಿರಲೆಯೇ. 2007ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ವಿಜ್ಞಾನಿಗಳು ವಂಶವಾಹಿಗಳನ್ನು ಹೋಲಿಸಿ ನೋಡಿ, ಗೆದ್ದಲಿಗೆಂದೇ ಇದ್ದ ಪ್ರತ್ಯೇಕ ಗಣವನ್ನು ರದ್ದುಮಾಡಿ ಜಿರಲೆಗಳ ಗಣದೊಳಗೆ ಸೇರಿಸಬೇಕೆಂದರು. ಕ್ರಿಪ್ಟೊಸರ್ಕಸ್ ಎಂಬ ಕಾಡುಜಿರಲೆ ಇಂದಿಗೂ ಕೊಳೆತ ದಿಮ್ಮಿಯೊಳಗೆ ಅಪ್ಪ, ಅಮ್ಮ, ಮಕ್ಕಳೆಂದು ಸಂಸಾರ ಹೂಡಿಕೊಂಡು ಮರವನ್ನೇ ತಿಂದು ಬದುಕುತ್ತದೆ. ಗೆದ್ದಲಿಗೆ ಅತಿ ಹತ್ತಿರದ ಸಂಬಂಧಿ ಅದು. ಇರುವೆಗೆ ಸಣ್ಣ ನಡು, ಮಡಿಚಿದ ಮೀಸೆ. ಗೆದ್ದಲಿಗೆ ದಪ್ಪ ನಡು, ಮಣಿ ಪೋಣಿಸಿದಂಥ ನೇರ ಮೀಸೆ. ಇರುವೆಗಳಲ್ಲಿ ಆಳುಗಳೆಲ್ಲ ಹೆಣ್ಣೇ, ಗೆದ್ದಲಿನಲ್ಲಿ ಗಂಡೂ ದುಡಿಯುತ್ತದೆ. ಅಂದಹಾಗೆ, ಗೆದ್ದಲಿನ ಪರಮವೈರಿಯೇ ಇರುವೆ.

ಹುತ್ತ ಎಂದರೆ ಹವಾನಿಯಂತ್ರಿತ ಬಂಗಲೆ ಎಂಬ ಮಾತು ಓದಿದವರಲ್ಲೇ ಹೆಚ್ಚು. ಜಿಂಬಾಬ್ವೆಯ ಹರಾರೆಯಲ್ಲಿ 1996ರಲ್ಲಿ ತೆರೆದ ಈಸ್ಟ್‌ಗೇಟ್ ಸೆಂಟರ್ ಎಂಬ ಕಟ್ಟಡಕ್ಕೆ ಹುತ್ತವೇ ಸ್ಫೂರ್ತಿ. ವಾಸ್ತುಶಿಲ್ಪಿ ಮಿಕ್ ಪಿಯರ್ಸ್. ಹುತ್ತದ ಬುಡದಿಂದ ತಣ್ಣನೆ ಗಾಳಿ ಒಳಬಂದು, ಬಿಸಿಗಾಳಿ ಮೇಲಿನಿಂದ ಹೋಗಿ, ಒಳಗಿನ ಶಾಖ ಸದಾ ಒಂದೇ ಮಟ್ಟದಲ್ಲಿರುತ್ತದೆ ಎಂಬುದು ಅಂದಿನ ಕಲ್ಪನೆ. ಕಟ್ಟಡವೇನೋ ಚೆನ್ನಾಗಿಯೇ ನಡೆಯಿತು, ಕಲ್ಪನೆ ಮಾತ್ರ ನಿಲ್ಲಲಿಲ್ಲ. ಜೀವವಿಜ್ಞಾನಿ ಸ್ಕಾಟ್ ಟರ್ನರ್ ನಮೀಬಿಯಾದ ಹುತ್ತಗಳಲ್ಲಿ ಅಳೆದು ನೋಡಿದಾಗ, ಗೂಡಿನ ಉಷ್ಣತೆ ಸುತ್ತಲಿನ ನೆಲದ ಉಷ್ಣತೆಯ ಹಿಂದೆಯೇ ವರ್ಷವಿಡೀ ಏರುತ್ತಿತ್ತು, ಇಳಿಯುತ್ತಿತ್ತು. ಗೋಪುರ ಇರುವುದು ತಂಪಿಗಲ್ಲ, ಉಸಿರಿಗೆ. ನೆಲದಡಿ ಲಕ್ಷಗಟ್ಟಲೆ ಹುಳುಗಳೂ ಅವು ಸಾಕಿದ ಶಿಲೀಂಧ್ರವೂ ಹಗಲುರಾತ್ರಿ ಬಿಡುವ ಇಂಗಾಲದ ಡೈಆಕ್ಸೈಡ್ ಹೊರಹೋಗಬೇಕಲ್ಲ?

ಅದು ಹೋಗುವ ಬಗೆಯನ್ನು ಪತ್ತೆಮಾಡಿದ್ದು ನಮ್ಮ ಬೆಂಗಳೂರಿನ ಹುತ್ತಗಳಲ್ಲೇ. ವಿಜ್ಞಾನಿ ಎಲ್. ಮಹಾದೇವನ್ ಮತ್ತು ಸಂಗಡಿಗರು ಒಡಾಂಟೊಟರ್ಮಿಸ್ ಒಬೆಸಸ್ ಎಂಬ ಗೆದ್ದಲಿನ ಹುತ್ತದೊಳಗೆ ಗಾಳಿಯ ಓಟವನ್ನು ಅಳೆದು 2015ರಲ್ಲಿ ಪ್ರಕಟಿಸಿದರು. ಹಗಲಲ್ಲಿ ಬಿಸಿಲಿಗೆ ಹುತ್ತದ ಹೊರ ಏಣುಗಳು ಬೇಗ ಕಾಯುತ್ತವೆ, ಅಲ್ಲಿನ ಗಾಳಿ ಮೇಲೇರುತ್ತದೆ, ನಡುವಿನ ಕೊಳವೆಯಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಏಣುಗಳು ಮೊದಲು ತಣಿಯುವುದರಿಂದ ಎಲ್ಲ ತಿರುಗುಮುರುಗು. ಹೀಗೆ ಹಗಲು ಒಳಗೆ ಕೂಡಿಕೊಂಡ ಕೆಟ್ಟ ಗಾಳಿ ರಾತ್ರಿ ಗೋಡೆಯ ಸೂಕ್ಷ್ಮ ರಂಧ್ರಗಳಿಂದ ಹೊರಗೆ ಸೋರುತ್ತದೆ. ಕಿಟಕಿಯಿಲ್ಲ, ಫ್ಯಾನಿಲ್ಲ, ಹಗಲಿಗೂ ರಾತ್ರಿಗೂ ಇರುವ ಶಾಖದ ವ್ಯತ್ಯಾಸವೇ ಬಂಡವಾಳ. ಗೋಡೆಯನ್ನು ನೋಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ರೆನೀ ಬೋರ್ಜಸ್ ಅವರ ತಂಡ ಗಮನಿಸಿದಂತೆ, ಗೆದ್ದಲು ಹಸಿಮಣ್ಣನ್ನು ಬಾಯಲ್ಲಿ ಉಂಡೆಮಾಡಿ ಜೋಡಿಸುತ್ತದೆ, ಉಂಡೆಗಳಲ್ಲಿ ಎರಡು ಅಳತೆ. ಸೈಜುಗಲ್ಲಿನ ಗೋಡೆಯ ಸಂದಿಗೆ ಚಕ್ಕೆ ತುರುಕಿದಂತೆ ದೊಡ್ಡ ಉಂಡೆಗಳ ನಡುವೆ ಸಣ್ಣವು ಕೂರುತ್ತವೆ.

ಹುತ್ತವೆಲ್ಲ ಗೂಡೇ ಎಂದೂ ಹೇಳುವಂತಿಲ್ಲ. ಬ್ರೆಜಿಲ್‌ನ ಈಶಾನ್ಯದ ಕುರುಚಲು ಕಾಡಿನಲ್ಲಿ ಆಳೆತ್ತರ ಮೀರಿದ ಸುಮಾರು 20 ಕೋಟಿ ಮಣ್ಣುಗುಡ್ಡೆಗಳಿವೆ ಎಂದು 2018ರಲ್ಲಿ ವರದಿಯಾಯಿತು. ಕೆಲವಕ್ಕೆ ಸುಮಾರು 4000 ವರ್ಷ ವಯಸ್ಸು. ಒಳಗೆ ರಾಣಿಯಿಲ್ಲ, ಮರಿಗಳಿಲ್ಲ. ನೆಲದಡಿ ಸುರಂಗ ಕೊರೆದ ಗೆದ್ದಲು ಹೊರಹಾಕಿದ ಮಣ್ಣಿನ ರಾಶಿ ಅದು, ಅಷ್ಟೆ.

ಗುಡುಗಿದರೆ ಅಣಬೆ ಏಳುತ್ತದೆ ಎಂಬ ಮಾತಿಗೆ ಬರೋಣ. ನಮ್ಮ ಹುತ್ತದ ಗೆದ್ದಲು ಮರ, ತರಗೆಲೆ ತಿಂದರೂ ಅದನ್ನು ಪೂರ್ತಿ ಅರಗಿಸಿಕೊಳ್ಳುವುದಿಲ್ಲ. ಅರೆಬರೆ ಅರಗಿ ಹೊರಬಂದದ್ದನ್ನು ಹುಟ್ಟಿಯ ಹಾಗೆ ಕಟ್ಟಿ, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಯುತ್ತದೆ. ಮರದ ಗಟ್ಟಿ ಅಂಶವನ್ನು ಒಡೆಯುವ ಕೆಲಸ ಶಿಲೀಂಧ್ರದ್ದು, ಅದು ಹದಮಾಡಿದ್ದು ಗೆದ್ದಲಿನ ಊಟ. ಮನುಷ್ಯನ ಬೇಸಾಯಕ್ಕೆ ಹತ್ತು ಹನ್ನೆರಡು ಸಾವಿರ ವರ್ಷವಾದರೆ ಇವುಗಳ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷ. ಮಳೆ ಬಿದ್ದು ನೆಲ ನೆಂದಾಗ ಆ ತೋಟವೇ ಮೇಲಕ್ಕೆ ತಲೆಯೆತ್ತುತ್ತದೆ, ನಾವು ಹುತ್ತದ ಅಣಬೆ ಎನ್ನುತ್ತೇವೆ. ಕೀಳದೆ, ಬುಡದ ಮಣ್ಣು ಬಿಡಿಸುತ್ತಾ ಹೋಗಿ ನೋಡಿ: ಬೇರಿನಂಥ ಉದ್ದನೆ ಬುಡ ಕೆಳಕೆಳಗೆ ಇಳಿದು ಗೂಡಿನೊಳಗಿನ ಆ ಹುಟ್ಟಿಗೇ ಮುಟ್ಟುತ್ತದೆ. ಗುಡುಗು ಮುಂಗಾರಿನ ಜತೆಗೆ ಬಂತು, ಅಣಬೆಯೂ ಬಂತು. ಹೆಸರು ಗುಡುಗಿನ ಪಾಲಾಯಿತು.

ಅದೇ ಮಳೆಗೆ ಈಸಲು ಹುಳ ಏಳುತ್ತವೆ. ಒಂದು ದಿನದ ಆಯುಸ್ಸಿನ ಬೇರೊಂದು ಹುಳು ಎಂದು ಅನೇಕರ ಎಣಿಕೆ. ಅವು ಗೆದ್ದಲುಗಳೇ, ಹೊಸ ಮನೆ ಹೂಡಲು ಹೊರಟ ಗಂಡು ಹೆಣ್ಣುಗಳು. ಕಾಗೆ, ಓತಿ, ಕಪ್ಪೆ ತಿಂದು, ಹುರಿದು ಪುರಿಯೊಂದಿಗೆ ನಾವೂ ತಿಂದು, ದೀಪದಡಿ ಸತ್ತು ಉಳಿದವು ತೀರಾ ಕೆಲವು. ಬೆಳಗ್ಗೆ ಜಗುಲಿಯ ಮೇಲೆ ಬಿದ್ದ ರೆಕ್ಕೆಗಳೆಲ್ಲ ಸತ್ತವುಗಳದ್ದಲ್ಲ. ನೆಲಕ್ಕಿಳಿದ ಹುಳು ರೆಕ್ಕೆಯನ್ನು ಬುಡದಲ್ಲಿ ತಾನೇ ಮುರಿದು ಬಿಸಾಡುತ್ತದೆ. ಆಮೇಲೆ ಹೆಣ್ಣು ಮುಂದೆ, ಅದರ ಬಾಲಕ್ಕೆ ಅಂಟಿದಂತೆ ಗಂಡು ಹಿಂದೆ, ಜಾಗ ಹುಡುಕುತ್ತಾ ಓಡುತ್ತವೆ. ಸಂಸಾರ ಹೂಡಲು ಸಾಧ್ಯವಾದ ಜೋಡಿ ವರ್ಷಗಟ್ಟಲೆ ಬದುಕುತ್ತದೆ.

ಜೋಡಿ ಎಂದೆ. ರಾಣಿಯ ಬಗ್ಗೆ ಎಲ್ಲರೂ ಹೇಳುತ್ತಾರೆ, ರಾಜನ ಸುದ್ದಿ ಯಾರಿಗೂ ಬೇಡ. ಜೇನಿನ ಗಂಡು ಕೂಡಿದೊಡನೆ ಸಾಯುತ್ತದೆ. ಗೆದ್ದಲಿನ ರಾಜ ಕೊನೆಯತನಕ ರಾಣಿಯ ಪಕ್ಕದಲ್ಲೇ ಇದ್ದು ಮತ್ತೆ ಮತ್ತೆ ಕೂಡುತ್ತಾನೆ. ಇನ್ನು ರಾಣಿ ಆಳುತ್ತಾಳೆ ಎನ್ನುವುದು ನಮ್ಮ ಕಲ್ಪನೆ. ಹೊಟ್ಟೆ ಉಬ್ಬಿ ಬೆರಳಿನಷ್ಟಾಗಿ, ಅತ್ತಿತ್ತ ಹೊರಳಲೂ ಆಗದೆ ದಿನಕ್ಕೆ ಸಾವಿರಾರು ಮೊಟ್ಟೆ ಇಡುವವಳು ಯಾರಿಗೆ ಅಪ್ಪಣೆ ಕೊಟ್ಟಾಳು? ಆಳುಗಳೇ ಉಣಿಸಬೇಕು, ನೆಕ್ಕಿ ಶುಚಿಮಾಡಬೇಕು. ಕಾವಲೂ ಬರೀ ಸೈನಿಕರದಲ್ಲ. ಫ್ರೆಂಚ್ ಗಯಾನಾದ ಒಂದು ಜಾತಿಯಲ್ಲಿ, ದವಡೆ ಸವೆದು ಕೆಲಸಕ್ಕೆ ಬಾರದಾದ ಮುದಿ ಆಳುಗಳ ಬೆನ್ನಿನ ಮೇಲೆ ನೀಲಿ ಹರಳು ತುಂಬಿದ ಚೀಲ ಬೆಳೆದಿರುತ್ತದೆ. ವೈರಿ ಕಚ್ಚಿದರೆ ಅವು ಸಿಡಿದು, ವಿಷದ ಅಂಟು ಚೆಲ್ಲಿ ಸಾಯುತ್ತವೆ.

ಇನ್ನು ಮನೆಯ ಮಾತು. ಲೋಕದಲ್ಲಿ ಸುಮಾರು 3000 ಬಗೆಯ ಗೆದ್ದಲುಗಳಿವೆ; ಕಟ್ಟಡಕ್ಕೆ ದೊಡ್ಡ ಹಾನಿ ಮಾಡುವವು ಹತ್ತನೇ ಒಂದು ಪಾಲೂ ಇಲ್ಲ. ಮಾವಿನ ಬೊಡ್ಡೆಗೆ ಮಣ್ಣು ಮೆತ್ತಿದ್ದು ಕಂಡ ಕೂಡಲೇ ಮರ ಹೋಯಿತೆಂದು ಗಾಬರಿಯಾಗಬೇಕಿಲ್ಲ. ಹೆಚ್ಚಾಗಿ ಅವು ಅಡಿಯಲ್ಲಿ ಮೇಯುವುದು ಸತ್ತ ತೊಗಟೆಯನ್ನು. ಎಳೆ ತೆಂಗಿನ ಸಸಿ, ಕಬ್ಬಿನ ಬಿತ್ತನೆ ತುಂಡು, ಶೇಂಗಾ ಮಾತ್ರ ನಿಜವಾಗಿ ಹಾಳಾಗುತ್ತವೆ. ಕಾಂಕ್ರೀಟಿನ ಮನೆಗೆ ಗೆದ್ದಲು ಹತ್ತದು ಎಂಬ ಧೈರ್ಯವೂ ಬೇಡ. ಸಿಮೆಂಟು ಅವಕ್ಕೆ ತಿನಿಸಲ್ಲ, ಆದರೆ ಕೂದಲೆಳೆಯ ಬಿರುಕು ಅಗಲವಾದರೆ ಸಾಕು, ಬಾಗಿಲ ಚೌಕಟ್ಟಿಗೆ ದಾರಿ ಸಿಗುತ್ತದೆ. ಚೌಕಟ್ಟಿಗೆ ಸೀಮೆಎಣ್ಣೆ ಸುರಿದರೆ ಸಾಯುವುದು ಅಲ್ಲಿ ಸಿಕ್ಕವು ಮಾತ್ರ, ಗೂಡು ಇರುವುದು ಅಂಗಳದಾಚೆ. ರಾಣಿಯನ್ನು ಅಗೆದು ಕೊಂದರೂ ಎಷ್ಟೋ ಜಾತಿಗಳಲ್ಲಿ ಬದಲಿ ರಾಣಿ ತಯಾರಾಗುತ್ತಾಳೆ. ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡರೆ ಮೊದಲು ಒಂದು ಗೇಣು ಕೆರೆದು ಬಿಡಿ. ಎರಡು ಮೂರು ದಿನದೊಳಗೆ ಮತ್ತೆ ಕೂಡಿಕೊಂಡಿದ್ದರೆ ದಾರಿ ಬಳಕೆಯಲ್ಲಿದೆ ಎಂದರ್ಥ. ಆಗ ಔಷಧಿ ಹೊಡೆಸಬೇಕಾದ್ದು ಬುಡದ ನೆಲಕ್ಕೆ, ಬಾಗಿಲಿಗಲ್ಲ.